ಬಿಸಿಲಿನ ತವರು

ನಮ್ಮ ಮಗನು ಸ್ಟಾಕ್‌ಹೋಮಿನಲ್ಲಿ ಉದ್ಯೋಗಸ್ಥನು. ಅಲ್ಲಿ ಡಿಸೆಂಬರಿನ ಹಗಲು ಸುಮಾರು 6 ಗಂಟೆ ಮಾತ್ರ. ಕತ್ತಲಲ್ಲಿ ಕೆಲಸಕ್ಕೆ ಹೊರಟವನು ಕತ್ತಲಲ್ಲಿಯೇ ಮನೆ ಸೇರುವನು. ಕ್ರಿಸ್‌ಮಸ್ ರಜೆಯಲ್ಲಿ ಬಿಸಿಲನ್ನರಸಿ ಮಧುಗಿರಿಗೆ ಬರುವನು. ಈ ಸಲ, ಇಲ್ಲಿಯ ಮನೆಯನ್ನು ವಿಕ್ರಯಿಸಿ ಅವನೊಡನೆ ಹೊರಟುಬಿಡುವ ಆಲೋಚನೆಯು ನಮ್ಮಲ್ಲಿದ್ದಿತು.

ಕೊರಟಗೆರೆಯ ಸಿದ್ಧರ ಬೆಟ್ಟವನ್ನೂ ಶಿರಾದಲ್ಲಿ 1651ರ ಮಲಿಕ್ ರಿಹಾನನ ಗೋರಿಯನ್ನೂ ಕಂಡು ಪಾವಗಡವನ್ನು ಸೇರಿದೆವು. ಹಿಂದೆ ಜನರನ್ನು ಗುಳೆಯೆಬ್ಬಿಸಿದ ಬಿಸಿಲೇ, ತಿರುಮಣಿಯ ಬಳಿ 2019ರಲ್ಲಿ ಪೂರ್ಣಗೊಂಡ ಸೌರಸ್ಥಾವರದಲ್ಲಿ, ಇಂದು ವಿದ್ಯುತ್ತಾಗಿ ಹರಿಯುತ್ತಿದೆ. ಅದರ ಸಾಮರ್ಥ್ಯವು 2,050 ಮೆಗಾವಾಟ್; ವಿಸ್ತಾರವು ಸುಮಾರು 13,000 ಎಕರೆ. ರೈತರು ತಮ್ಮ ನೆಲವನ್ನು ಮಾರದೆ ಗುತ್ತಿಗೆಗೆ ಕೊಟ್ಟಿರುವರು, ಒಡೆತನವು ಅವರದೇ.

ಇದನ್ನು ಕೇಳಿ ಮಗನು, “ನಮ್ಮ ಮನೆಯನ್ನೂ ಹಾಗೆಯೇ ಉಳಿಸಿಕೊಳ್ಳೋಣ, ಬಿಸಿಲಿಗಾಗಿ ನಾನು ಬರಬೇಕಲ್ಲ?” ಎಂದನು. ವಿಕ್ರಯದ ಮಾತು ಅಲ್ಲಿಗೇ ಮುಗಿಯಿತು.