ಗುಳಿಗೆಯ ಪ್ರಭಾವ ಇಳಿಯುವ ಹೊತ್ತು

ಚಿಕ್ಕಬಾಣಾವರದಿಂದ ಕಾಲೇಜಿಗೆ ಹೋಗಿಬರುವ ವಿದ್ಯಾರ್ಥಿಯೊಬ್ಬನನ್ನು ಊಹಿಸಿಕೊಳ್ಳಿ. ಎ.ಡಿ.ಎಚ್.ಡಿ. ಎಂಬ ಅವಧಾನದ ತೊಂದರೆಗಾಗಿ ವೈದ್ಯರು ಅವನಿಗೆ ಮಿಥೈಲ್‌ಫೆನಿಡೇಟ್ ಗುಳಿಗೆಯನ್ನು ಗೊತ್ತುಮಾಡಿದ್ದಾರೆ. ಪಾಠದ ಹೊತ್ತಿನಲ್ಲಿ ಮನಸ್ಸು ಒಂದೆಡೆ ನಿಲ್ಲುತ್ತದೆ. ಸಂಜೆ ಮನೆ ಸೇರಿದೊಡನೆ ಮಾತ್ರ ತಾಯಿ ಕಾಫಿ ಬೇಕೇ ಎಂದು ಕೇಳಿದರೂ ಸಿಡುಕು. ಕೆಲವೊಮ್ಮೆ ಕಾರಣವಿಲ್ಲದ ಅಳು. ಮನೆಯವರು ಇದನ್ನು ಉದ್ಧಟತನವೆಂದು ಎಣಿಸುವುದುಂಟು. ಅದು ಅನ್ಯಾಯ.

ನರಕೋಶಗಳು ಪರಸ್ಪರ ಸಂದೇಶ ಕಳುಹಿಸಲು ಡೋಪಮೀನ್, ನಾರ್‌ಅಡ್ರಿನಲೀನ್ ಮೊದಲಾದ ದ್ರವ್ಯಗಳನ್ನು ಸ್ರವಿಸಿ, ಬಳಿಕ ಅವನ್ನು ಮರಳಿ ಹೀರಿಕೊಳ್ಳುತ್ತವೆ. ಈ ಔಷಧವು ಆ ಹೀರಿಕೆಯನ್ನು ತಡೆಯುತ್ತದೆ. 1944ರಲ್ಲಿ ಸ್ವಿಟ್ಜರ್‌ಲೆಂಡಿನ ಸಿಬಾ ಸಂಸ್ಥೆಯಲ್ಲಿ ಇದನ್ನು ತಯಾರಿಸಿದ ಪಾನಿಜೋನ್, ಪತ್ನಿ ರೀಟಾಳ ನೆನಪಿಗೆ 'ರಿಟಾಲಿನ್' ಎಂದು ಹೆಸರಿಟ್ಟನು. ಸಾಮಾನ್ಯ ಗುಳಿಗೆಯ ಪ್ರಭಾವ 3-4 ಗಂಟೆ ಮಾತ್ರ. ಅದು ಇಳಿಯುವಾಗ ಕೆಲವರಲ್ಲಿ ಚಡಪಡಿಕೆಯೂ ಕೋಪವೂ ಮೊದಲಿಗಿಂತ ಹೆಚ್ಚಾಗಿ ತೋರುತ್ತವೆ.

ಇದರ ಮೇಲೆ ಹಸಿವು ಬೇರೆ. ಔಷಧವು ಹಸಿವನ್ನು ಅಡಗಿಸುವುದರಿಂದ ಮಧ್ಯಾಹ್ನದ ಡಬ್ಬಿ ತುಂಬಿದಂತೆಯೇ ಮರಳುತ್ತದೆ. ಬರಿಹೊಟ್ಟೆಯ ಸಿಡುಕಿಗೆ ಔಷಧವನ್ನಷ್ಟೇ ದೂರಿ ಫಲವೇನು? ಗುಳಿಗೆಗೆ ಮುನ್ನ ಇಡ್ಲಿಯೋ ಮುದ್ದೆಯೋ ಹೊಟ್ಟೆ ತುಂಬ ತಿಂದು, ಸಂಜೆ ಮನೆ ಸೇರಿದೊಡನೆ ಏನಾದರೂ ತಿನ್ನುವುದು ಮೊದಲ ಉಪಾಯ. ನಿದ್ರೆಗೆಟ್ಟವನಿಗೆ ಇದೂ ಸಾಲದು.

ಸಿಡುಕು ಯಾವ ಹೊತ್ತಿನದು ಎಂಬುದೇ ಮುಖ್ಯ. ಪ್ರಭಾವ ಇಳಿಯುವಾಗಷ್ಟೇ ಬಂದರೆ ವೈದ್ಯರು ಹೊತ್ತನ್ನು ಬದಲಿಸಬಹುದು, ಇಲ್ಲವೆ ನಿಧಾನವಾಗಿ ಬಿಡುಗಡೆಯಾಗುವ ಗುಳಿಗೆಯನ್ನು ಕೊಡಬಹುದು. ಪ್ರಭಾವವಿರುವಾಗಲೇ ಹುಡುಗ ನಗೆಯನ್ನು ಮರೆತು ಮಂಕಾಗಿ ಕುಳಿತರೆ ಪ್ರಮಾಣ ಹೆಚ್ಚಾಗಿರುವ ಸಂಭವವುಂಟು. ಆದುದರಿಂದ ಎರಡು ವಾರ ಗುಳಿಗೆ, ಊಟ, ನಿದ್ರೆ, ಮನಃಸ್ಥಿತಿಗಳ ವೇಳೆಯನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆದು ವೈದ್ಯರಿಗೆ ತೋರಿಸಬೇಕು. ತಾನಾಗಿಯೇ ಪ್ರಮಾಣವನ್ನು ಏರಿಸುವುದು, ಇಳಿಸುವುದು ಸಲ್ಲದು.

ಉತ್ತೇಜಕವಲ್ಲದ ಆಟೊಮೊಕ್ಸೆಟೀನ್ ಎಂಬ ಇನ್ನೊಂದು ಔಷಧವಿದೆ. ಅದರ ಗುಣ ಪೂರ್ತಿಯಾಗಿ ತೋರಲು ಹಲವು ವಾರ ಬೇಕು. ಅದನ್ನು ಸೇವಿಸುವ ಮಕ್ಕಳಲ್ಲಿಯೂ ಹದಿಹರೆಯದವರಲ್ಲಿಯೂ ಆತ್ಮಹತ್ಯೆಯ ಆಲೋಚನೆ ಮೂಡಬಹುದೆಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ 2005ರಲ್ಲಿ ಎಚ್ಚರಿಸಿತು. ಅಂಥವರು ವಿರಳ; ಆದರೂ ಮೊದಲ ತಿಂಗಳುಗಳಲ್ಲಿ ಮನೆಯವರ ಕಣ್ಣಿರಬೇಕು. ಯಾವ ಔಷಧವೇ ಆಗಲಿ, ಅಂಥ ಆಲೋಚನೆ ಬಂದರೆ ಮುಂದಿನ ಭೇಟಿಯವರೆಗೆ ಕಾಯದೆ ಆ ದಿನವೇ ವೈದ್ಯರನ್ನು ಕಾಣಬೇಕು. 2022ರಲ್ಲಿ ಆರಂಭವಾದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಹಗಲಿರುಳು ಕರೆ ಮಾಡಬಹುದು. ಅಲ್ಲಿ ಕನ್ನಡದಲ್ಲಿಯೇ ಮಾತನಾಡಬಹುದು.