ಆಪರೇಷನ್ ಹೊಟ್ಟೆಗೆ, ನೋವು ಗಂಟಲಿಗೆ

ಪಿತ್ತಕೋಶದ ಕಲ್ಲು ತೆಗೆಸಿಕೊಂಡು ವಾರ್ಡಿಗೆ ಬಂದವರು ಹೊಟ್ಟೆಯ ಹೊಲಿಗೆಗಿಂತ ಮೊದಲು ಗಂಟಲನ್ನು ದೂರುವುದುಂಟು. ಉಗುಳು ನುಂಗಿದರೆ ನೋವು, ಮಾತಾಡಹೋದರೆ ದನಿ ಒಡೆದಿದೆ, ಸುಮ್ಮನಿದ್ದರೂ ಕೆರೆತ. ನೋಡಲು ಬಂದ ನೆಂಟರು ತಲೆಗೊಂದು ಕಾರಣ ಹೇಳುತ್ತಾರೆ: ಥಿಯೇಟರಿನ ಎಸಿಗೆ ತಂಡಿಯಾಗಿದೆ, ಗಂಟಲಿಗೆ ನಂಜೇರಿದೆ, ಡಾಕ್ಟರು ಒರಟಾಗಿ ಪೈಪು ತುರುಕಿದ್ದಾರೆ.

ಪೈಪಿನ ಮಾತು ಮಾತ್ರ ಅರ್ಧ ನಿಜ. ಪೂರ್ಣ ಅರಿವಳಿಕೆ ಕೊಟ್ಟಾಗ ರೋಗಿ ತಾನಾಗಿ ಸರಿಯಾಗಿ ಉಸಿರಾಡಲಾರ. ಆದ್ದರಿಂದ ಹೆಚ್ಚಾಗಿ, ಪ್ರಜ್ಞೆ ತಪ್ಪಿದ ಮೇಲೆ ಬಾಯಿಯ ಮೂಲಕ, ಸ್ವರತಂತುಗಳ ನಡುವೆ ಹಾಯಿಸಿ, ಶ್ವಾಸನಾಳದೊಳಕ್ಕೆ ಪ್ಲಾಸ್ಟಿಕ್ ನಳಿಕೆಯೊಂದನ್ನು ಇಳಿಸುತ್ತಾರೆ. ಹೀಗೆ ನಳಿಕೆ ಹಾಕಿಸಿಕೊಂಡ ನೂರು ಜನರಲ್ಲಿ ಸುಮಾರು ನಲವತ್ತು ಮಂದಿಗೆ ಗಂಟಲು ನೋಯುತ್ತದೆ. ಪರಿಣತರ ಕೈಯಲ್ಲೂ ಆಗುವ ನೋವಿದು. ನೋವಾದ ಮಾತ್ರಕ್ಕೆ ತಪ್ಪಾಗಿದೆ ಎಂದಲ್ಲ.

ಇದು ಸೋಂಕೂ ಅಲ್ಲ. ಒಳಪದರ ಉಜ್ಜಿ, ಒತ್ತಿ, ಒಣಗಿ ಉರಿಯೂತವಾಗಿರುತ್ತದೆ ಅಷ್ಟೆ. ಬರೀ ಈ ನೋವಿಗೆಂದು ಆ್ಯಂಟಿಬಯಾಟಿಕ್ ಕೇಳಿ ಪಡೆಯುವುದು ವ್ಯರ್ಥ. ತಣ್ಣಗಿನದ್ದು ಕೊಟ್ಟರೆ ಹೆಚ್ಚಾಗುತ್ತದೆ ಎಂಬ ಹೆದರಿಕೆಗೂ ಆಧಾರವಿಲ್ಲ. ನರ್ಸ್ ಕುಡಿಯಬಹುದು ಎಂದ ಮೇಲೆ ತಣ್ಣೀರಿನ ಗುಟುಕು, ಐಸಿನ ಚೂರು ಹಿತವೇ ಹೌದು.

ಇನ್ನು "ನಳಿಕೆ ತೂರಿಸುವಾಗ ಗೀರಿದ್ದರಿಂದಲೇ ನೋವು" ಎಂಬ ನಂಬಿಕೆ. ಗೀರುವುದೂ ಒಂದು ಕಾರಣ. ಆದರೆ ಹೆಚ್ಚಿನವರ ಕಣ್ಣಿಗೆ ಬೀಳದ ಕಾರಣ ನಳಿಕೆಯ ತುದಿಯ ಬಳಿ ಇರುವ ಪುಟ್ಟ ಬಲೂನು. ಅದಕ್ಕೆ ಕಫ್ ಎನ್ನುತ್ತಾರೆ. ಯಂತ್ರದ ಗಾಳಿ ಪಕ್ಕದಿಂದ ಸೋರದಂತೆ, ಹೊಟ್ಟೆಯಿಂದ ಮೇಲೆ ಬಂದದ್ದು ಶ್ವಾಸಕೋಶಕ್ಕೆ ಜಾರದಂತೆ ಅದನ್ನು ಒಳಗೇ ಉಬ್ಬಿಸಬೇಕು. ಅದರೊಳಗಿನ ಒತ್ತಡ ನೀರಿನ ಮಟ್ಟದ ಲೆಕ್ಕದಲ್ಲಿ 20ರಿಂದ 30 ಸೆಂಟಿಮೀಟರಿನೊಳಗೆ ಇದ್ದರೆ ಸರಿ. 30 ದಾಟಿದರೆ ಶ್ವಾಸನಾಳದ ಒಳಪದರಕ್ಕೆ ರಕ್ತ ಹರಿಯುವುದು ಕುಗ್ಗುತ್ತದೆ. ಗಂಟೆಗಟ್ಟಲೆ ಹಾಗೇ ಬಿಟ್ಟರೆ ಆ ಜಾಗ ನಲುಗುತ್ತದೆ. ನೈಟ್ರಸ್ ಆಕ್ಸೈಡ್ ಅನಿಲ ಬಳಸಿದರಂತೂ ಅದು ಮೆಲ್ಲಗೆ ಬಲೂನಿನೊಳಕ್ಕೆ ಹೊಕ್ಕು, ಮೊದಲು ಸರಿಯಿದ್ದ ಒತ್ತಡವನ್ನೂ ಏರಿಸುತ್ತದೆ. ಎಷ್ಟೋ ಕಡೆ ಹೊರಗಿರುವ ಸೂಚಕ ಬಲೂನನ್ನು ಬೆರಳಲ್ಲಿ ಒತ್ತಿ ನೋಡಿ "ಸಾಕು" ಎನ್ನುತ್ತಾರೆ. ಅನುಭವಿಗಳ ಬೆರಳೂ ಇಲ್ಲಿ ತಪ್ಪು ಹೇಳುತ್ತದೆ. ಅಳೆಯಲು ಕೈಯಲ್ಲಿ ಹಿಡಿಯುವ ಸರಳ ಮಾಪಕವಿದೆ. ಲಕ್ಷಾಂತರ ರೂಪಾಯಿಯ ಅರಿವಳಿಕೆ ಯಂತ್ರ ಕೊಂಡ ಥಿಯೇಟರಿನಲ್ಲಿ ಈ ಮಾಪಕ ಇಲ್ಲದಿದ್ದರೆ ಅದಕ್ಕೆ ಯಾವ ಸಮರ್ಥನೆಯೂ ಇಲ್ಲ.

ನಳಿಕೆ ದಪ್ಪವಾದಷ್ಟೂ ಉಸಿರು ಸಲೀಸು ಎಂಬುದೂ ಹಳೆಯ ಎಣಿಕೆ. ಹೆಂಗಸರಿಗೆ 7 ಮಿಲಿಮೀಟರಿನ ಬದಲು 6 ಮಿಲಿಮೀಟರ್ ಒಳವ್ಯಾಸದ ನಳಿಕೆ ಹಾಕಿದಾಗ ಗಂಟಲು ನೋವು ಕಡಿಮೆಯಾದದ್ದು ಕಂಡುಬಂದಿದೆ. ಈ ನೋವು ಹೆಂಗಸರನ್ನೇ ಹೆಚ್ಚು ಕಾಡುವುದರಿಂದ ಇದು ಸಣ್ಣ ವಿಷಯವಲ್ಲ.

"ತಡೆಯಲು ಏನೂ ಮಾಡಲಾಗದು, ಅನುಭವಿಸಬೇಕು" ಎನ್ನುವವರಿಗೆ ನಮ್ಮ ಅಡುಗೆಮನೆಯ ಡಬ್ಬಿಯಲ್ಲೇ ಒಂದು ಉತ್ತರವಿದೆ. ಜ್ಯೇಷ್ಠಮಧು. ಅರಿವಳಿಕೆಗೆ ಐದು ನಿಮಿಷ ಮೊದಲು ಅದರ ನೀರಿನಿಂದ ಗಂಟಲು ಮುಕ್ಕಳಿಸಿದವರಿಗೆ ನೋವು, ಕೆಮ್ಮು ಕಡಿಮೆಯಾಯಿತೆಂದು ಭಾರತದ ವೈದ್ಯರು 2009ರಲ್ಲಿ ಪ್ರಕಟಿಸಿದರು. 2013ರಲ್ಲಿ ಎದೆಯ ಶಸ್ತ್ರಚಿಕಿತ್ಸೆಗೆ ಬಂದ 236 ರೋಗಿಗಳನ್ನು ಎರಡು ಗುಂಪು ಮಾಡಿ, ಒಂದಕ್ಕೆ ಜ್ಯೇಷ್ಠಮಧು, ಇನ್ನೊಂದಕ್ಕೆ ಸಕ್ಕರೆ ನೀರು ಕೊಟ್ಟು ಪರೀಕ್ಷಿಸಿದಾಗಲೂ ಗೆದ್ದದ್ದು ಜ್ಯೇಷ್ಠಮಧುವೇ. ಹಾಗೆಂದು ಬೇರು ಜಗಿಯುತ್ತಾ ಥಿಯೇಟರಿಗೆ ಹೋಗುವಂತಿಲ್ಲ, ವಾರವಿಡೀ ಕಷಾಯ ಕುಡಿಯುವಂತೆಯೂ ಇಲ್ಲ. ಹೆಚ್ಚು ಸೇವಿಸಿದರೆ ರಕ್ತದೊತ್ತಡ ಏರುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ. ಮುಕ್ಕಳಿಸಿ ಉಗಿಯಬೇಕು, ಅದೂ ಅರಿವಳಿಕೆ ತಜ್ಞರು ಒಪ್ಪಿದರೆ. ಅವರ ಬಳಿ ಕೆಟಮಿನ್ ಅಥವಾ ಮೆಗ್ನೀಸಿಯಂ ಬೆರೆಸಿದ ಮುಕ್ಕಳಿಕೆ, ಡೆಕ್ಸಾಮೆಥಸೋನ್ ಚುಚ್ಚುಮದ್ದು, ಲಿಡೋಕೇನ್ ಕೂಡ ಇವೆ. ಯಾರಿಗೆ ಯಾವುದು ಎಂಬುದು ಅವರ ತೀರ್ಮಾನ.

ಒಂದು ಸಲಹೆಯನ್ನಂತೂ ಯಾರೂ ಕೇಳಬೇಡಿ: "ಗಂಟಲು ಒಣಗದಂತೆ ಹೊರಡುವಾಗ ಒಂದು ಲೋಟ ಹಾಲು ಕುಡಿ." ತಿಳಿನೀರಿಗೆ ಸಾಮಾನ್ಯವಾಗಿ ಎರಡು ಗಂಟೆ ಮುಂಚಿನವರೆಗೆ ಅವಕಾಶವಿದೆ; ಹಾಲಿಗೆ, ತಿಂಡಿಗೆ ಕನಿಷ್ಠ ಆರು ಗಂಟೆಯ ಅಂತರ ಬೇಕು. ಹೊಟ್ಟೆಯಲ್ಲಿದ್ದದ್ದು ಶ್ವಾಸಕೋಶಕ್ಕೆ ನುಗ್ಗಿದರೆ ಜೀವಕ್ಕೇ ಅಪಾಯ. ಕದ್ದು ಕುಡಿದಿದ್ದರೆ ಮುಚ್ಚಿಡದೆ ಹೇಳಿಬಿಡಿ.

ಅರಿವಳಿಕೆ ತಜ್ಞರು ಮುನ್ನಾದಿನ ಮಾತಾಡಿಸಲು ಬಂದಾಗ ಹೆಚ್ಚಿನವರು "ಎಲ್ಲ ಸರಿ ಇದೆ" ಎಂದು ಕಳಿಸಿಬಿಡುತ್ತಾರೆ. ಅದು ಸಹಿ ಹಾಕಿ ಮುಗಿಸುವ ಶಾಸ್ತ್ರವಲ್ಲ. ಹಿಂದಿನ ಆಪರೇಷನ್ನಿನಲ್ಲಿ ಗಂಟಲು ನೊಂದಿತ್ತೇ, ಬೀಡಿ ಸಿಗರೇಟು ಉಂಟೇ, ಹಲ್ಲು ಅಲುಗಾಡುತ್ತದೆಯೇ, ಹುಳಿತೇಗು ಇದೆಯೇ, ಎಲ್ಲ ಹೇಳಿ. ಸಂಗೀತಗಾರರು, ಯಕ್ಷಗಾನದ ಭಾಗವತರು, ದಿನವಿಡೀ ಪಾಠ ಮಾಡುವ ಮೇಷ್ಟರು ತಮ್ಮ ಕಸುಬನ್ನು ಹೇಳಲೇಬೇಕು. ಬೆನ್ನಿನ ಚುಚ್ಚುಮದ್ದಿನಲ್ಲೇ ಆಗುವ ಶಸ್ತ್ರಚಿಕಿತ್ಸೆಗೆ ಸಾಮಾನ್ಯವಾಗಿ ನಳಿಕೆಯೇ ಬೇಡ. ಕೆಲವಕ್ಕೆ ಧ್ವನಿಪೆಟ್ಟಿಗೆಯ ಮೇಲೆಯೇ ಕೂರುವ ಮಾಸ್ಕ್ ಸಾಕು. ಅದರಲ್ಲಿ ಗಂಟಲು ನೋಯುವವರು ನೂರಕ್ಕೆ ಇಪ್ಪತ್ತರಷ್ಟು. ನಿಮಗೆ ಯಾವುದು ಆದೀತೆಂದು ಕೇಳುವ ಹಕ್ಕು ನಿಮ್ಮದು.

"ದನಿ ಹೋಯಿತು, ಇನ್ನು ಬರುವುದಿಲ್ಲ" ಎಂದು ಎರಡನೇ ದಿನವೇ ಕಂಗೆಡಬೇಡಿ. ಹೆಚ್ಚಿನವರಿಗೆ ನೋವೂ ಗೊಗ್ಗರು ದನಿಯೂ ಕೆಲವೇ ದಿನಗಳಲ್ಲಿ ತಾವಾಗಿ ಇಳಿಯುತ್ತವೆ. ಎರಡು ವಾರ ಕಳೆದರೂ ದನಿ ತಿಳಿಯಾಗದಿದ್ದರೆ ಇಎನ್‌ಟಿ ವೈದ್ಯರಿಗೆ ತೋರಿಸಿ. ಆದರೆ ಉಸಿರೆಳೆಯುವಾಗ ಸದ್ದು ಬಂದರೆ, ಕುತ್ತಿಗೆ ಊದಿಕೊಂಡರೆ, ಕೆಮ್ಮಿದಾಗ ರಕ್ತ ಹೆಚ್ಚು ಬಿದ್ದರೆ, ಜ್ವರದೊಂದಿಗೆ ಎದೆನೋವು ಬಂದು ನುಂಗಲೇ ಆಗದಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ, ಆ ಹೊತ್ತಿನಲ್ಲೇ ಆಸ್ಪತ್ರೆಗೆ ಹೋಗಿ.