ಮೂರು ವರ್ಷ ಸಿಗೋ ಹುಡುಗರು, ಮೂವತ್ತು ವರ್ಷ ದುಡಿಯೋ ಕೋಚ್

ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಭಾರತದ ಪುರುಷರ ಹಾಕಿ ತಂಡ ಕಂಚು ಗೆದ್ದಾಗ ನಾವೆಲ್ಲ ವಾಟ್ಸಾಪ್ ಸ್ಟೇಟಸ್ ಹಾಕಿದ್ದೇ ಹಾಕಿದ್ದು. 41 ವರ್ಷ ಕಾದ ಮೇಲೆ ಬಂದ ಪದಕ ಅದು. 2024ರಲ್ಲಿ ಪ್ಯಾರಿಸ್‌ನಲ್ಲೂ ಕಂಚು ಬಂತು. ಈ ತಂಡದ ರಾಷ್ಟ್ರೀಯ ಶಿಬಿರ ಹೆಚ್ಚಾಗಿ ನಡೆಯೋದು ನಮ್ಮ ಬೆಂಗಳೂರಿನ ಸಾಯ್ ಕೇಂದ್ರದಲ್ಲೇ. ಆದರೆ ಆ ಎರಡೂ ಒಲಿಂಪಿಕ್ಸ್‌ನ ಆಟಗಾರರ ಪಟ್ಟಿ ತೆಗೆದು ನೋಡಿ, ಕರ್ನಾಟಕದ ಒಂದು ಹೆಸರೂ ಇಲ್ಲ.

ಹಿಂದೆ ಹೀಗಿರಲಿಲ್ಲ. 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ನಾಯಕರಾಗಿದ್ದವರು ಕೊಡಗು ಮೂಲದ ಎಂ.ಎಂ. ಸೋಮಯ್ಯ. 2016ರ ರಿಯೊ ತಂಡದಲ್ಲೂ ವಿ.ಆರ್. ರಘುನಾಥ್, ಎಸ್.ವಿ. ಸುನಿಲ್, ಎಸ್.ಕೆ. ಉತ್ತಪ್ಪ, ನಿಕ್ಕಿನ್ ತಿಮ್ಮಯ್ಯ ಅಂತ ನಮ್ಮವರು ನಾಲ್ಕು ಜನ ಇದ್ದರು. ಅಲ್ಲಿಂದ ಐದೇ ವರ್ಷಕ್ಕೆ ಸೊನ್ನೆ.

ಹಾಗಂತ ನಮ್ಮಲ್ಲಿ ಆಟದ ಹುಚ್ಚು ಕಡಿಮೆಯಾಗಿದೆ ಅನ್ನೋ ಹಾಗಿಲ್ಲ. ಕೊಡಗಿನಲ್ಲಿ ಪಾಂಡಂಡ ಕುಟ್ಟಪ್ಪ ಅವರು 1997ರಲ್ಲಿ ಕರಡ ಗ್ರಾಮದಲ್ಲಿ 60 ಕುಟುಂಬಗಳನ್ನು ಸೇರಿಸಿ ಶುರು ಮಾಡಿದ ಕೊಡವ ಕೌಟುಂಬಿಕ ಹಾಕಿ ಹಬ್ಬಕ್ಕೆ 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡ ಬಂದು ಗಿನ್ನೆಸ್ ದಾಖಲೆಯೇ ಆಯಿತು. ಅಜ್ಜ, ಮೊಮ್ಮಗಳು, ಸೊಸೆ ಎಲ್ಲರೂ ಸ್ಟಿಕ್ ಹಿಡಿಯೋ ನಾಡು ಇದು. ಹಾಗಾದರೆ ನಡುವೆ ಎಲ್ಲಿ ಸೋರಿಹೋಗ್ತಿದೆ?

ಕಾರಣ ಒಂದೇ ಅಲ್ಲ. ಆದರೆ ನಾವು ಸಾಮಾನ್ಯವಾಗಿ ಮಾತಾಡದ ಒಂದು ಜಾಗ ಇದೆ: ಕಾಲೇಜು. ಹದಿನೆಂಟರಿಂದ ಇಪ್ಪತ್ತೊಂದರ ವಯಸ್ಸು. ಅಲ್ಲಿ ಹುಡುಗ ಹುಡುಗಿಯರನ್ನು ಆಟದಲ್ಲಿ ಹಿಡಿದಿಟ್ಟುಕೊಳ್ಳೋ ಒಬ್ಬ ವ್ಯಕ್ತಿ ಇರ್ತಾರೆ, ಕಾಲೇಜಿನ ಹಾಕಿ ಕೋಚ್.

ಕೋಚ್ ಆಗೋದು ಹೇಗೆ?

ಮೊದಲನೇ ವಿಷಯ, ನಮ್ಮ ಹೆಚ್ಚಿನ ಕಾಲೇಜುಗಳಲ್ಲಿ ‘ಹಾಕಿ ಕೋಚ್’ ಅನ್ನೋ ಹುದ್ದೆಯೇ ಇರೋದಿಲ್ಲ. ಇರೋದು ದೈಹಿಕ ಶಿಕ್ಷಣ ನಿರ್ದೇಶಕರ ಹುದ್ದೆ. ಬಿ.ಪಿ.ಎಡ್, ಎಂ.ಪಿ.ಎಡ್ ಓದಿ, ನೆಟ್ ಪರೀಕ್ಷೆ ದಾಟಿ ಬಂದವರು. ಅವರೇ ಕಬಡ್ಡಿ, ವಾಲಿಬಾಲ್, ಅಥ್ಲೆಟಿಕ್ಸ್ ಎಲ್ಲ ನೋಡ್ಕೋಬೇಕು. ಅವರು ಹಾಕಿ ಆಡಿ ಬೆಳೆದವರಾಗಿದ್ದರೆ ಆ ಕಾಲೇಜಿನ ಹಾಕಿ ಮಕ್ಕಳ ಅದೃಷ್ಟ.

ಇನ್ನೊಂದು ದಾರಿ ಪಟಿಯಾಲದ್ದು. 1961ರಲ್ಲಿ ಶುರುವಾದ ಅಲ್ಲಿನ ರಾಷ್ಟ್ರೀಯ ಕ್ರೀಡಾ ಸಂಸ್ಥೆಯ ತರಬೇತಿ ಡಿಪ್ಲೊಮಾವನ್ನು ಎಲ್ಲರೂ ‘ಎನ್‌ಐಎಸ್’ ಅಂತಾರೆ. ‘ಎನ್‌ಐಎಸ್ ಮಾಡಿದ್ದಾರೆ’ ಅಂದ್ರೆ ಮೈದಾನದಲ್ಲಿ ಒಂದು ಗೌರವ. ಈಗ ಹಾಕಿ ಇಂಡಿಯಾ ಮತ್ತು ಅಂತರರಾಷ್ಟ್ರೀಯ ಫೆಡರೇಷನ್‌ನ ಲೆವೆಲ್ ಕೋರ್ಸ್‌ಗಳೂ ಇವೆ. ಇಷ್ಟೆಲ್ಲ ಮಾಡಿದವರಿಗೂ ಸಿಗೋದು ಎಷ್ಟೋ ಸಲ ಗುತ್ತಿಗೆ ಕೆಲಸ, ತಿಂಗಳ ಗೌರವಧನ, ವರ್ಷಕ್ಕೊಮ್ಮೆ ನವೀಕರಣ.

ಸ್ಟಿಕ್ ಹಿಡಿಸೋದು ಅರ್ಧ ಕೆಲಸ ಮಾತ್ರ

ಡಿಗ್ರಿ ಅಂದ್ರೆ ಮೂರು ವರ್ಷ. ಮೊದಲ ವರ್ಷ ಹುಡುಗ ಯಾರು, ಎಲ್ಲಿ ಆಡಿದರೆ ಚೆನ್ನ ಅಂತ ಗೊತ್ತಾಗೋದರಲ್ಲೇ ಕಳೆಯುತ್ತೆ. ಎರಡನೇ ವರ್ಷ ತಂಡ ಕೂಡಿ ಬರುತ್ತೆ. ಮೂರನೇ ವರ್ಷ ವಿಶ್ವವಿದ್ಯಾಲಯ ತಂಡಕ್ಕೆ ಆಯ್ಕೆಯಾಗಿ ದಕ್ಷಿಣ ವಲಯದ ಪಂದ್ಯಾವಳಿಗೆ ಹೊರಡೋ ಹೊತ್ತಿಗೆ ಮನೆಯಿಂದ ಫೋನ್ ಬರುತ್ತೆ. ‘ಸರ್, ಇದು ಫೈನಲ್ ಇಯರ್, ಈ ಸಲ ಬಿಟ್ಬಿಡಿ.’

ಆಗ ಕೋಚ್ ಆ ಮನೆಗೆ ಹೋಗಿ ಕೂತು ಕಾಫಿ ಕುಡಿದು ಮಾತಾಡಬೇಕು. ರೈಲ್ವೆಯಲ್ಲಿ, ಸೇನೆಯಲ್ಲಿ, ಬ್ಯಾಂಕ್‌ನಲ್ಲಿ ಕ್ರೀಡಾ ಕೋಟಾ ಇದೆ, ವಿಶ್ವವಿದ್ಯಾಲಯದ ಸರ್ಟಿಫಿಕೇಟ್‌ಗೆ ಬೆಲೆ ಇದೆ ಅಂತ ಒಪ್ಪಿಸಬೇಕು. ಇತ್ತ ಕಾಲೇಜಿನಲ್ಲಿ ಹಾಜರಾತಿ ಕಡಿಮೆ ಬಿದ್ದಿದೆ ಅಂತ ತಕರಾರು ಇರುತ್ತೆ. ವಿಭಾಗದ ಮುಖ್ಯಸ್ಥರ ಎದುರು ನಿಂತು ‘ಮೇಡಂ, ಟೂರ್ನಿಯಿಂದ ಬಂದ ಮೇಲೆ ಇಂಟರ್ನಲ್ಸ್ ಬರೀತಾನೆ’ ಅಂತ ಕೇಳ್ಕೊಳ್ಳೋರೂ ಅವರೇ. ಗೋಲ್‌ಕೀಪರ್‌ನ ಹೆಲ್ಮೆಟ್, ಪ್ಯಾಡ್, ಕಿಕ್ಕರ್ ಎಲ್ಲ ಸೇರಿ ಕಿಟ್ ದುಬಾರಿ. ಅದಕ್ಕೆ ಹಣ ಹೊಂದಿಸೋದೂ ಅವರ ತಲೆಗೇ.

ಇದರ ನಡುವೆ ಆಟ ಕಲಿಸಬೇಕು. ಇಲ್ಲೇ ಇನ್ನೊಂದು ಕಷ್ಟ. 1976ರ ಮಾಂಟ್ರಿಯಲ್ ಒಲಿಂಪಿಕ್ಸ್‌ನಿಂದ ದೊಡ್ಡ ಹಾಕಿ ಕೃತಕ ಹುಲ್ಲಿಗೆ ಹೋಯಿತು, ಆ ವರ್ಷ ಭಾರತ ಏಳನೇ ಸ್ಥಾನಕ್ಕೆ ಜಾರಿತು. ಇವತ್ತಿಗೂ ನಮ್ಮ ಹೆಚ್ಚಿನ ಕಾಲೇಜು ಹುಡುಗರು ಅಭ್ಯಾಸ ಮಾಡೋದು ಮಣ್ಣಿನ ಮೈದಾನದಲ್ಲಿ. ಅಲ್ಲಿ ಚೆಂಡು ಪುಟಿಯುತ್ತೆ, ನಿಧಾನ ಆಗುತ್ತೆ. ನೀರು ಹಾಯಿಸಿದ ಟರ್ಫ್ ಮೇಲೆ ಅದೇ ಚೆಂಡು ಜಾರಿಕೊಂಡು ಹಾರಿಹೋಗುತ್ತೆ. ಮಣ್ಣಲ್ಲಿ ಕಲಿತ ಪಾಸ್ ಟರ್ಫ್ ಮೇಲೆ ಕೈ ಕೊಡುತ್ತೆ. ಟೂರ್ನಿಗೆ ಮುಂಚೆ ನಾಲ್ಕು ದಿನವಾದರೂ ಟರ್ಫ್ ಸಿಗಲಿ ಅಂತ ಕೋಚ್ ಓಡಾಡೋದು ಇದಕ್ಕೇ.

ನಾನಿರೋ ಜರಗನಹಳ್ಳಿಯನ್ನೇ ತಗೊಳ್ಳಿ. ಹಾಕಿ ಮೈದಾನಕ್ಕೆ 91.4 ಮೀಟರ್ ಉದ್ದ, 55 ಮೀಟರ್ ಅಗಲದ ಜಾಗ ಬೇಕು. ಸಾರಕ್ಕಿ ಕೆರೆ ಆಚೀಚೆ ಅಷ್ಟು ಖಾಲಿ ಜಾಗ ಸಿಕ್ಕರೆ ಅಪಾರ್ಟ್‌ಮೆಂಟ್ ಏಳುತ್ತೆ. ಈ ಕಡೆಯ ಹುಡುಗಿಯೊಬ್ಬಳಿಗೆ ಟರ್ಫ್ ಮೇಲೆ ಆಡೋ ಆಸೆ ಬಂದ್ರೆ ಕನಕಪುರ ರಸ್ತೆ ಟ್ರಾಫಿಕ್ ದಾಟಿ ಶಾಂತಿನಗರದ ಫೀಲ್ಡ್ ಮಾರ್ಷಲ್ ಕಾರ್ಯಪ್ಪ ಹಾಕಿ ಕ್ರೀಡಾಂಗಣದ ತನಕ ಹೋಗಬೇಕು. ಕಾಲೇಜು ಮುಗಿಸಿ ಹೋಗಿ ಬಂದ್ರೆ ರಾತ್ರಿ ಆಗುತ್ತೆ. ಅವಳನ್ನು ಮನೆಯವರು ಕಳಿಸ್ತಾರೆ ಅಂದ್ರೆ ಕೋಚ್ ಮೇಲಿನ ನಂಬಿಕೆಯಿಂದ.

ಹೆಸರಾದವರು ಏನು ಆರಿಸಿಕೊಂಡರು?

ಆಡಿ ಹೆಸರು ಮಾಡಿದವರೆಲ್ಲ ಕೋಚಿಂಗ್‌ಗೆ ಬರಲ್ಲ. ಬಂದವರ ದಾರಿ ನೋಡೋ ಹಾಗಿದೆ. ಕೊಡಗಿನ ಎಂ.ಪಿ. ಗಣೇಶ್ 1972ರ ಮ್ಯೂನಿಕ್‌ನಲ್ಲಿ ಕಂಚು ಗೆದ್ದ ತಂಡದಲ್ಲಿದ್ದವರು, 1973ರ ವಿಶ್ವಕಪ್‌ನಲ್ಲಿ ಬೆಳ್ಳಿ ಗೆದ್ದ ತಂಡದ ನಾಯಕರು. ಆಮೇಲೆ ರಾಷ್ಟ್ರೀಯ ತಂಡದ ಕೋಚ್ ಆದರು, ಸಾಯ್‌ನಲ್ಲಿ ಹಿರಿಯ ಆಡಳಿತಗಾರರೂ ಆದರು. ಪದ್ಮಶ್ರೀ ಬಂದದ್ದು 2020ರಲ್ಲಿ. ವಿಶ್ವಕಪ್ ಬೆಳ್ಳಿಯಿಂದ ಲೆಕ್ಕ ಹಾಕಿದರೆ 47 ವರ್ಷ.

ನಮ್ಮ ಬೆಂಗಳೂರಿನ ಜೂಡ್ ಫೆಲಿಕ್ಸ್ ಅವರದು ಇನ್ನೊಂದು ದಾರಿ. 1988 ಮತ್ತು 1992ರ ಒಲಿಂಪಿಕ್ಸ್ ಆಡಿ, ಭಾರತ ತಂಡದ ನಾಯಕರೂ ಆಗಿದ್ದವರು. ಅವರು 2009ರಲ್ಲಿ ತಮ್ಮ ಹೆಸರಿನ ಅಕಾಡೆಮಿ ತೆರೆದದ್ದು ಅನಾಥ ಮತ್ತು ಬಡ ಮಕ್ಕಳಿಗಾಗಿ. ಮುಂದೆ ಭಾರತದ ಜೂನಿಯರ್ ತಂಡಕ್ಕೂ ಕೋಚ್ ಆದರು, 2020ರಲ್ಲಿ ದ್ರೋಣಾಚಾರ್ಯ ಪ್ರಶಸ್ತಿ ಬಂತು. ಆದರೆ ಅಕಾಡೆಮಿಗೆ ಬಂದ ಮಕ್ಕಳಿಗೆ ಬೇಕಿದ್ದದ್ದು ಪ್ರಶಸ್ತಿ ಅಲ್ಲ. ದಿನಾ ಸಂಜೆ ತಪ್ಪದೇ ಮೈದಾನಕ್ಕೆ ಬರೋ ಒಬ್ಬ ದೊಡ್ಡವರು.

ಹುಡುಗಿಯರ ಕಡೆಯೂ ಒಂದು ಹೆಸರಿದೆ. ಟೋಕಿಯೊದಲ್ಲಿ ಭಾರತದ ಮಹಿಳಾ ತಂಡ ನಾಲ್ಕನೇ ಸ್ಥಾನ ಪಡೆದು ದೇಶವನ್ನೇ ಎಬ್ಬಿಸಿತಲ್ಲ, ಆ ತಂಡದ ಸಹಾಯಕ ಕೋಚ್ ಕೊಡಗಿನ ಅಂಕಿತಾ ಸುರೇಶ್. ಆಟಗಾರರ ಪಟ್ಟಿಯಲ್ಲಿ ಇಲ್ಲದ ಕರ್ನಾಟಕ ಕೋಚ್‌ಗಳ ಪಟ್ಟಿಯಲ್ಲಿ ಇತ್ತು.

ಈ ಕೆಲಸಕ್ಕೆ ಅಪ್ರೈಸಲ್ ಯಾವಾಗ?

ನಮ್ಮ ಸಾಫ್ಟ್‌ವೇರ್ ಕೆಲಸದಲ್ಲಿ ವರ್ಷಕ್ಕೊಮ್ಮೆ ಅಪ್ರೈಸಲ್. ಮಾಡಿದ ಕೆಲಸ ಎರಡು ವಾರಕ್ಕೆ ಕಣ್ಣಿಗೆ ಕಾಣುತ್ತೆ. ಕಾಲೇಜು ಕೋಚ್‌ಗೆ ಹಾಗಲ್ಲ. ಚೆನ್ನಾಗಿ ಆಡೋ ಹುಡುಗ ಕೈ ತಪ್ಪಿ ಹೋಗ್ತಾನೆ ಅನ್ನೋದೇ ಅವರ ಯಶಸ್ಸು. ಅವನು ರೈಲ್ವೆಗೋ ಸೇನೆಗೋ ಸೇರಿದ ದಿನ ತಂಡದಲ್ಲಿ ಒಂದು ಜಾಗ ಖಾಲಿ, ಮತ್ತೆ ಹೊಸ ಹುಡುಗನಿಗೆ ಸ್ಟಿಕ್ ಹಿಡಿಯೋದರಿಂದ ಶುರು. ಆ ಹುಡುಗ ಮುಂದೆ ದೇಶಕ್ಕೆ ಆಡಿದರೆ ಟಿವಿಯಲ್ಲಿ ಬರೋ ಹೆಸರು ರಾಷ್ಟ್ರೀಯ ಕೋಚ್‌ದು. ಆಡದಿದ್ದರೂ ಅವನಿಗೊಂದು ಸಂಬಳದ ಕೆಲಸ ಸಿಕ್ಕಿರುತ್ತೆ. ಆ ಲೆಕ್ಕ ಯಾವ ಪದಕ ಪಟ್ಟಿಗೂ ಸೇರಲ್ಲ.

ಗುತ್ತಿಗೆ ಮುಗಿದು ಒಬ್ಬ ಕೋಚ್ ಬೇರೆ ಕೆಲಸ ಹುಡುಕಿಕೊಂಡು ಹೋದ್ರೆ ಪೇಪರ್‌ನಲ್ಲಿ ಸುದ್ದಿ ಆಗಲ್ಲ. ಆ ಕಾಲೇಜಿನ ತಂಡ ಎರಡು ವರ್ಷದಲ್ಲಿ ಇಲ್ಲವಾಗುತ್ತೆ. ಹತ್ತು ವರ್ಷ ಆದ ಮೇಲೆ ಒಲಿಂಪಿಕ್ಸ್ ಪಟ್ಟಿಯಲ್ಲಿ ನಮ್ಮವರು ಯಾಕಿಲ್ಲ ಅಂತ ನಾವು ಕೇಳ್ತೀವಿ.

ಸರ್ಕಾರ ಹುದ್ದೆ ತುಂಬಬೇಕು, ಟರ್ಫ್ ಹೆಚ್ಚಿಸಬೇಕು, ಅದು ಸರಿ. ನಮ್ಮಿಂದಲೂ ಆಗೋ ಕೆಲಸ ಇದೆ. ನೀವು ಓದಿದ ಕಾಲೇಜಿನ ಹಳೇ ವಿದ್ಯಾರ್ಥಿಗಳ ಗುಂಪು ನಿಮ್ಮ ಫೋನ್‌ನಲ್ಲಿ ಇದ್ದೇ ಇರುತ್ತೆ, ಹಬ್ಬಕ್ಕೊಂದು ಶುಭಾಶಯ ಬಿಟ್ರೆ ಸುಮ್ಮನೆ ಬಿದ್ದಿರುತ್ತೆ. ಅಲ್ಲಿಂದ ಪಿ.ಇ. ಸರ್ ಅಥವಾ ಮೇಡಂ ನಂಬರ್ ತಗೊಂಡು ಒಂದು ಫೋನ್ ಮಾಡಿ. ದೊಡ್ಡ ಮಾತು ಬೇಡ. ಹಾಕಿ ತಂಡ ಇನ್ನೂ ಇದೆಯಾ, ಗೋಲ್‌ಕೀಪರ್ ಕಿಟ್ ಸರಿಯಾಗಿದೆಯಾ, ಮುಂದಿನ ಮ್ಯಾಚ್ ಯಾವತ್ತು ಅಂತ ಕೇಳಿ. ಆ ದಿನ ರಜೆ ಇದ್ರೆ ಮೈದಾನಕ್ಕೂ ಹೋಗಿ ಬನ್ನಿ.